ತಪ್ಪೆಲ್ಲ ನೆಟ್ಟಿನದು

ಬೀದರ್ ಜಿಲ್ಲೆಯಲ್ಲಿ ಇವತ್ತಿನವರೆಗೆ ಒಬ್ಬ ಹುಡುಗನೂ ತನ್ನ ತಪ್ಪಿನಿಂದ ಸತ್ತಿಲ್ಲ. ಗಾಬರಿಯಾಗಬೇಡಿ, ಮಾತು ಎರಾಂಗೆಲ್ ದ್ವೀಪದ ಸಾವಿನದು. ರಾತ್ರಿ ಊಟ ಮುಗಿದು ಅಪ್ಪನ ಗೊರಕೆ ಶುರುವಾದ ಮೇಲೆ ನಮ್ಮ ಹುಡುಗರು ಬಿಜಿಎಂಐ ಎಂಬ ಮೊಬೈಲ್ ಆಟ ತೆರೆದು, ವಿಮಾನ ಹತ್ತಿ, ಆ ದ್ವೀಪದ ಮೇಲೆ ಜಿಗಿಯುತ್ತಾರೆ. ಬೀದರ್‌ನಿಂದ ಬೆಂಗಳೂರಿಗೆ 2020ರಲ್ಲಿ ಶುರುವಾದ ವಿಮಾನ ನಡುನಡುವೆ ನಿಂತುಹೋಗಿ, ಕೊನೆಯ ಸಲ ನಿಂತದ್ದು ಮತ್ತೆ ಹಾರಲು 2025 ಬರಬೇಕಾಯಿತು. ಎರಾಂಗೆಲ್ ವಿಮಾನ ನಿಮಿಷಕ್ಕೊಂದು ಹೊರಡುತ್ತದೆ, ಟಿಕೆಟ್ಟೂ ಇಲ್ಲ.

ಹೋದಷ್ಟೇ ಬೇಗ ಸಾಯುತ್ತಾರೆ. ಯಾಕೆ ಸತ್ತೆ ಎಂದು ಕೇಳಿ ನೋಡಿ. ಬೀದರ್ ನಗರದವನು "ಪಿಂಗ್ ಏರಿತ್ರೀ, ನೆಟ್ ತಡಾ ಆತು" ಅನ್ನುತ್ತಾನೆ. ಭಾಲ್ಕಿಯವನು "ಫೋನ್ ಗರಂ ಆಗಿತ್ತು" ಅನ್ನುತ್ತಾನೆ. ಔರಾದ್‌ನವನ ಬಳಿ ಅಂತರರಾಜ್ಯ ಮಟ್ಟದ ಕಾರಣವೇ ಇದೆ: "ಗುಂಡು ಹೊಡಿಯೋ ಟೈಮಿಗೇ ಮಹಾರಾಷ್ಟ್ರದ ಟಾವರ್ ಹಿಡೀತು ಮಾಮಾ." ಗಡಿಯ ಬಗ್ಗೆ ಮಹಾಜನ್ ವರದಿ 1967ರಲ್ಲೇ ಬಂದಿದೆ, ಔರಾದ್‌ನ ಮೊಬೈಲುಗಳಿಗೆ ಇನ್ನೂ ತಲುಪಿಲ್ಲ.

ಹಿರಿಯರಿಗಾಗಿ ಆಟದ ಪರಿಚಯ. ನೂರು ಜನ ಬರಿಗೈಯಲ್ಲಿ ಎಂಟು ಕಿ.ಮೀ. ಉದ್ದ, ಎಂಟು ಕಿ.ಮೀ. ಅಗಲದ ದ್ವೀಪಕ್ಕೆ ಇಳಿಯುತ್ತಾರೆ. ನಾಲ್ಕು ಜನಕ್ಕೆ ಒಂದು ಸ್ಕ್ವಾಡ್. ಯಾರದೋ ಖಾಲಿ ಮನೆಗಳಿಗೆ ನುಗ್ಗಿ ಬಂದೂಕು, ಹೆಲ್ಮೆಟ್, ಔಷಧಿ ಬಾಚಿಕೊಳ್ಳಬೇಕು, ಅದು ಲೂಟ್. ಅಷ್ಟರಲ್ಲಿ ಸುತ್ತಲಿಂದ ನೀಲಿ ಝೋನ್ ಕುಗ್ಗುತ್ತ ಬರುತ್ತದೆ. ಹೊರಗೆ ಉಳಿದವನಿಗೆ ಗುಂಡೂ ಬೇಕಿಲ್ಲ, ನಿಂತಲ್ಲೇ ಸಾಯುತ್ತಾನೆ. ಜಾಗ ಸಣ್ಣದಾಗುತ್ತ, ಜನ ಕಚ್ಚಾಡುತ್ತ, ಕೊನೆಗೆ ಒಂದೇ ತಂಡ ಉಳಿಯುತ್ತದೆ. ಹುದ್ದೆ ಕುಗ್ಗುತ್ತ ಅರ್ಜಿ ಬೆಳೆಯುತ್ತ ಹೋಗುವ ನೇಮಕಾತಿಗಳನ್ನು ನೋಡಿಯೇ ದೊಡ್ಡವನಾದ ಕಲ್ಯಾಣ ಕರ್ನಾಟಕದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದ್ವೀಪದಲ್ಲಿ 371(ಜೆ) ವಿಧಿಯ ಮೀಸಲಾತಿ ಜಾರಿಯಲ್ಲಿಲ್ಲ ಎಂಬುದೊಂದೇ ಅವನ ದೂರು.

ಸ್ಕ್ವಾಡಿನ ಭಾಷಾನೀತಿ ಸ್ಪಷ್ಟವಾಗಿದೆ. ಪ್ಲಾನು ದಖನಿಯಲ್ಲಿ, ಬೈಗುಳ ಮರಾಠಿಯಲ್ಲಿ, ನಡುವೆ ಬಂದು "ಉಂಡಿ ಏನೋ?" ಎನ್ನುವ ಅವ್ವನಿಗೆ ಉತ್ತರ ಕನ್ನಡದಲ್ಲಿ. ಆಟದ ಹೆಸರಿನ ಹಿಂದೆ ಬೀದರ್‌ನವನು 38 ಅಂತ ಹಾಕಿಕೊಳ್ಳುತ್ತಾನೆ, ಭಾಲ್ಕಿಯವನು 39. ಗಾಡಿ ಇಲ್ಲದಿದ್ದರೂ ನಂಬರ್ ಪ್ಲೇಟು ಬೇಕು. ಔರಾದ್‌ಗೆ ಸ್ವಂತ ನಂಬರೂ ಇಲ್ಲ, ರೈಲೂ ಇಲ್ಲ. ಅಲ್ಲಿಯ ಹುಡುಗರು ಆ ಸಿಟ್ಟನ್ನೆಲ್ಲ ಎರಾಂಗೆಲ್ ಮೇಲೆ ತೀರಿಸಿಕೊಳ್ಳುತ್ತಾರೆ. ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಹೊಲದಲ್ಲಿ ಕೂತು ಭಜ್ಜಿ, ಅಂಬಲಿ ಹಂಚಿಕೊಳ್ಳುವಾಗ ಹುಡುಗ ಮಾತ್ರ ಕಾವಲಿನ ಅಟ್ಟಣಿಗೆ ಏರಿರುತ್ತಾನೆ. ಮೊಮ್ಮಗ ಹಕ್ಕಿ ಓಡಿಸಲತ್ತಾನ ಅಂತ ಅಜ್ಜಿಗೆ ಹೆಮ್ಮೆ. ಅವನು ಹುಡುಕುತ್ತಿರುವುದು ಸಿಗ್ನಲ್ಲು.

ಸ್ಕ್ವಾಡಿನಲ್ಲಿ ನಾಲ್ಕು ಕೆಲಸಗಳಿವೆ. ಒಬ್ಬ ಐಜಿಎಲ್, ಅಂದರೆ ಆಟದ ನಡುವೆ ತಂಡ ನಡೆಸುವ ನಾಯಕ. ಒಬ್ಬ ಮುಂದೆ ನುಗ್ಗುವವನು. ಒಬ್ಬ ದೂರದಿಂದ ಗುರಿ ಇಡುವವನು. ನಾಲ್ಕನೆಯವನು ಸಪೋರ್ಟ್: ಹೊಗೆಬಾಂಬು ಹೊರುವುದು, ಗಾಡಿ ಓಡಿಸುವುದು, ಬಿದ್ದವನನ್ನು ಎಬ್ಬಿಸುವುದು. ನಮ್ಮ ಜಿಲ್ಲೆಯ ಸ್ಕ್ವಾಡುಗಳಲ್ಲಿ ಈ ಹಂಚಿಕೆ ಸರಳವಾಗಿದೆ. ನಾಲ್ವರೂ ಐಜಿಎಲ್. ಪಂಚಾಯಿತಿಯಿಂದ ಹಿಡಿದು ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯವರೆಗೆ ನಾಯಕರನ್ನಷ್ಟೇ ಹೆರುವ ನೆಲ ಇದು. ಹುಡುಗರು ಬೇರೆ ಏನನ್ನು ಕಲಿತಾರು? ಶಹಾಗಂಜ್‌ನ ಯಾವುದೇ ಕಟ್ಟೆಯ ಹತ್ತಿರ ರಾತ್ರಿ ಹತ್ತರ ಮೇಲೆ ನಿಂತರೆ ಸೋಲಿನ ಪರಾಮರ್ಶೆ ಕೇಳಿಸುತ್ತದೆ.

"ಪೊಚಿಂಕಿ ಊರಾಗ ಇಳಿಬ್ಯಾಡ ಅಂತ ನಾ ಹೇಳಿದ್ದಿಲ್ಲೇನೋ?"

"ನೀ ಹೇಳೋದ್ರಾಗ ನಾ ಜಿಗಿದು ಬಿಟ್ಟಿದ್ದೆ."

"ಹೋಗ್ಲಿ, ನಾ ನಾಕ್ ಆಗಿ ಬಿದ್ದಾಗ ರಿವೈವ್ ಯಾಕ್ ಕೊಡ್ಲಿಲ್ಲ?"

"ಲೂಟ್ ಮಾಡ್ಬೇಕಂತ ನಿಂತಿದ್ದೆ."

"ಯಾರ್ದು?"

"ನಿಂದೇ. ನೀ ಲಗೂ ಸಾಯ್ಲೇ ಇಲ್ಲ."

ಪರಾಮರ್ಶೆ ಇಲ್ಲಿಗೆ ಮುಗಿಯುತ್ತದೆ. ನಿರ್ಣಯ: ನೆಟ್ ಖರಾಬ್ ಇತ್ತು. ಸರ್ವಾನುಮತದಿಂದ ಅಂಗೀಕಾರ.

ಈ ಆಟ ಒಳ್ಳೆಯದೋ ಕೆಟ್ಟದೋ ಎಂದು ಹುಡುಗರಿಗೆ ಗೊಂದಲವಾಗಲು ಸರ್ಕಾರವೂ ತನ್ನ ಕೈಲಾದಷ್ಟು ಮಾಡಿದೆ. 2019ರ ಜನವರಿಯಲ್ಲಿ ಪ್ರಧಾನಿಯವರು ಪರೀಕ್ಷೆಯ ಕುರಿತು ಮಕ್ಕಳೊಂದಿಗೆ ಮಾತಾಡುವಾಗ, ಮಗ ಆನ್‌ಲೈನ್ ಆಟಕ್ಕೆ ಬಿದ್ದಿದ್ದಾನೆಂದು ಅಳಲು ತೋಡಿಕೊಂಡ ತಾಯಿಯೊಬ್ಬರನ್ನು, ಅವನು ಪಬ್ಜಿಯವನಾ ಎಂದು ಕೇಳಿ ಸಭೆಯನ್ನು ನಗಿಸಿದರು. ಆ ಮಾರ್ಚ್‌ನಲ್ಲಿ ನಮ್ಮಿಂದ 140 ಕಿ.ಮೀ. ದೂರದ ಹೈದರಾಬಾದ್‌ನಲ್ಲಿ ಪಬ್ಜಿ ಮೊಬೈಲ್ ಇಂಡಿಯಾ ಸೀರೀಸ್‌ನ ಫೈನಲ್ ನಡೆದು ಟೀಮ್ ಸೋಲ್ ಗೆದ್ದಿತು. ಅದೇ ತಿಂಗಳು ರಾಜಕೋಟ್‌ನ ಪೊಲೀಸರು ಅದೇ ಆಟ ಆಡಿದರೆಂದು ಹುಡುಗರನ್ನು ಹಿಡಿದು ಕೇಸು ಹಾಕಿದರು. ಒಂದು ಊರಲ್ಲಿ ಕಪ್ಪು, ಇನ್ನೊಂದು ಊರಲ್ಲಿ ಕೋಳ. 2020ರ ಸೆಪ್ಟೆಂಬರ್ 2ರಂದು ಪಬ್ಜಿ ಸೇರಿ 118 ಆ್ಯಪ್‌ಗಳು ನಿಷೇಧವಾದವು. 2021ರ ಜುಲೈ 2ರಂದು ಅದೇ ಆಟ ಹೆಸರಿಗೊಂದು 'ಇಂಡಿಯಾ' ಹಚ್ಚಿಕೊಂಡು ಬಿಜಿಎಂಐ ಎಂಬ ದೇಶಭಕ್ತನಾಗಿ ಮರಳಿತು. 2022ರ ಜುಲೈ 28ರಂದು ಮತ್ತೆ ಮಾಯ. 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪ್ರೊಬೇಷನ್ ಮೇಲೆ ಮತ್ತೆ ಹಾಜರ್. ನಮ್ಮ ಕಡೆಯ ಮುಖಂಡರು ಇಷ್ಟು ಸಲ ಪಕ್ಷ ಬಿಟ್ಟು ಪಕ್ಷಕ್ಕೆ ಹೋಗಿದ್ದರೆ ಒಮ್ಮೆಯಾದರೂ ಮಂತ್ರಿಯಾಗುತ್ತಿದ್ದರು.

ಇದರಲ್ಲಿ ಅತಿ ರಸವತ್ತಾದ ದಿನ 2022ರ ಫೆಬ್ರವರಿ 14. ದಿಲ್ಲಿಯಲ್ಲಿ ಕೇಂದ್ರ ಸರ್ಕಾರ ಫ್ರೀ ಫೈರ್ ಆಟವನ್ನು ನಿಷೇಧಿಸಿತು. ಅದೇ ದಿನ ಬೆಂಗಳೂರಿನಲ್ಲಿ ಹೈಕೋರ್ಟ್, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದಿದ್ದ ತಿದ್ದುಪಡಿಯನ್ನು ಹೊಡೆದುಹಾಕಿತು. ಒಂದೇ ಸೂರಿನಡಿ, ಒಂದೇ ಸಂಜೆ, ಮಗನ ಆಟ ಹೋಯಿತು, ಅಪ್ಪನ ರಮ್ಮಿಗೆ ಜೀವ ಬಂತು. ಅಪ್ಪ ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ. "ನೋಡು, ಸರ್ಕಾರನೇ ಬಂದ್ ಮಾಡ್ಯದ ಅಂದ್ಮ್ಯಾಲ ಅದು ಎಷ್ಟು ಕೆಟ್ಟದಿರಬೇಕು." ಬುದ್ಧಿ ಹೇಳುತ್ತಿರುವಾಗ ಅವನ ಬೆರಳು ಇಸ್ಪೀಟಿನ ರಾಣಿಯನ್ನು ಎಳೆಯುತ್ತಿತ್ತು.

ಮೂರೂವರೆ ವರ್ಷ ಕಳೆಯಿತು. ನಡುವೆ 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಕ್ರೀಡಾ ಸಚಿವಾಲಯದ ಪಾಲಿಗೆ ಬಂತು. 2024ರ ಏಪ್ರಿಲ್‌ನಲ್ಲಿ, ಮಗ ಪಬ್ಜಿಯವನಾ ಎಂದು ಕೇಳಿದ್ದ ಪ್ರಧಾನಿಯವರೇ ನಮನ್ ಮಾಥುರ್, ತೀರ್ಥ್ ಮೆಹ್ತಾ ಮುಂತಾದ ಆಟಗಾರರನ್ನು ಕರೆಸಿ ಕೂರಿಸಿ ಮಾತಾಡಿ, ತಾವೂ ಆಡಿ ನೋಡಿದರು. 2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ. ಈಗ ಅಪ್ಪನ ರಮ್ಮಿ ಹೋಯಿತು, ಮಗನ ಆಟ ಕ್ರೀಡೆಯಾಯಿತು. ಮೈಲೂರಿನ ಒಂದು ಮನೆಯಲ್ಲಿ ಮಗ ಅಪ್ಪನನ್ನು ಕೂರಿಸಿಕೊಂಡ. "ನೋಡಪ್ಪಾ, ಸರ್ಕಾರನೇ ಬಂದ್ ಮಾಡ್ಯದ ಅಂದ್ಮ್ಯಾಲ..." ಅಪ್ಪ ಎದ್ದು ಚಹಾ ಕುಡಿಯಲು ಗವಾನ್ ಚೌಕಿನ ಕಡೆ ಹೋದ.

ಕ್ರೀಡೆಯಾದ ಮೇಲೆ ನಿಯಮ ಬೇಡವೇ? ಬಿಜಿಎಂಐ ಮರಳುವಾಗ ಸಂಸ್ಕಾರವಂತನಾಗಿಯೇ ಬಂದಿತ್ತು. ಗುಂಡು ತಗಲಿದರೆ ಹಸಿರು ರಕ್ತ. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ತಾಸು, ಖರ್ಚಿಗೆ ದಿನಕ್ಕೆ ₹7,000ದ ಮಿತಿ. ಹೌದು, ದಿನಕ್ಕೆ. ಔರಾದ್‌ನ ಹೊಲದಲ್ಲಿ ಸೋಯಾ ಕೊಯ್ಯುವವನ ತಿಂಗಳ ದುಡಿಮೆಯ ಆಸುಪಾಸಿನ ಮೊತ್ತವನ್ನು ಒಬ್ಬ ಮಗು ದಿನಕ್ಕೆ ಖರ್ಚು ಮಾಡದಂತೆ ತಡೆಯುವ ಕಟ್ಟುನಿಟ್ಟು ಇದು. ಇಷ್ಟರ ಮೇಲೆ ಪಾಲಕರ ಮೊಬೈಲಿಗೆ ಒಟಿಪಿ ಹೋಗಬೇಕು. ಹೋಗುತ್ತದೆ. ಓಣಿಗೊಬ್ಬ ಹತ್ತೊಂಬತ್ತು ತುಂಬಿದ ಹುಡುಗ ಇದ್ದೇ ಇರುತ್ತಾನಲ್ಲ. ಮದುವೆಯಾಗದಿದ್ದರೂ ಅವನೇ ಓಣಿಯ ಅಷ್ಟೂ ಮಕ್ಕಳ ಅಧಿಕೃತ ತಂದೆ.

ಇನ್ನು ಆಟ ಸುಧಾರಿಸುವ ಶಾಸ್ತ್ರ. ನಮ್ಮ ಹುಡುಗರು ಸುಧಾರಿಸಲು ಬಯಸುವುದಿಲ್ಲ ಎಂದು ಯಾರೂ ಆರೋಪ ಮಾಡಬಾರದು. ಊರಲ್ಲಿ ಅವರಷ್ಟು ಅಧ್ಯಯನ ಮಾಡುವವರೇ ಇಲ್ಲ. ಮೊದಲ ಅಧ್ಯಾಯ, ಸೆನ್ಸಿಟಿವಿಟಿ ಕೋಡ್. ದೊಡ್ಡ ಆಟಗಾರ ತನ್ನ ಫೋನಿನಲ್ಲಿ ಬೆರಳು ಎಷ್ಟು ಸರಿದರೆ ಬಂದೂಕು ಎಷ್ಟು ತಿರುಗಬೇಕು ಎಂದು ಹೊಂದಿಸಿಕೊಂಡ ಲೆಕ್ಕ ಅದು. ಅವನ ಪರದೆಯ ಅಳತೆ, ಅವನ ಬೆರಳಿನ ಚಟ, ಅವನ ಫೋನಿನ ವೇಗ, ಫೋನನ್ನೇ ಓಲಾಡಿಸಿ ಗುರಿ ಹಿಡಿಯುವ ಅವನ ಜೈರೋ ಅಭ್ಯಾಸ, ಎಲ್ಲ ಸೇರಿ ಆದ ಲೆಕ್ಕ. ನಮ್ಮವನು ಆ ಅಂಕೆಗಳನ್ನು ಗುರುಮಂತ್ರದಂತೆ ಪಡೆದು, ಪರದೆ ಒಡೆದು ಟೇಪು ಹಚ್ಚಿದ ಅಣ್ಣನ ಹಳೆಯ ಫೋನಿಗೆ ತುಂಬುತ್ತಾನೆ. ಬಂದೂಕು ಆಕಾಶ ನೋಡುತ್ತದೆ. "ಕೋಡ್ ಫೇಕ್ ಅದ" ಎಂದು ಇನ್ನೊಂದು ಹುಡುಕುತ್ತಾನೆ.

ಎರಡನೆಯ ಅಧ್ಯಾಯ, ಸ್ಕಿನ್. ಬಂದೂಕಿಗೆ ಹಿಮ ಮೆತ್ತಿದ ಬಣ್ಣ, ಮೈಗೆ ಹೊಳೆಯುವ ಅಂಗಿ. ಬಣ್ಣ ಬಳಿದ ಬಂದೂಕಿನ ಗುಂಡು ಒಂದು ಕೂದಲಿನಷ್ಟೂ ಹೆಚ್ಚು ನೋಯಿಸುವುದಿಲ್ಲ. ಆದರೆ ಸತ್ತಾಗ ಉಳಿಯುವ ಪೆಟ್ಟಿಗೆ ಚೆಂದ ಕಾಣುತ್ತದೆ. ಬೀದರ್‌ಗೆ ಇದು ಹೊಸದೂ ಅಲ್ಲ, ಕೋಟೆಯ ಮಣ್ಣಿನಿಂದ ಕಪ್ಪು ಹೊಳಪು ಪಡೆದು ಬೆಳ್ಳಿ ಕೂರಿಸಿಕೊಳ್ಳುವ ಬಿದರಿ ಕಲೆಯ ಊರಿದು. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಪ್ಪ ಬಿದರಿ ಹುಕ್ಕಾಕ್ಕೆ ಬೆಲೆ ಚೌಕಾಸಿ ಮಾಡುವ ಓಣಿಯಲ್ಲೇ ಮಗ, ಕೈಗೆ ಸಿಗದ, ಮಾರಲೂ ಬಾರದ ಬಣ್ಣಕ್ಕೆ ಕೇಳಿದಷ್ಟು ಕೊಡುತ್ತಾನೆ.

ಮೂರನೆಯದು, ಅಂಕಿಸಂಖ್ಯೆ. "ನಿನ್ನಿ ರಾತ್ರಿ ಇಪ್ಪತ್ತು ಹೊಡದೆ" ಎಂದು ಬೆಳಿಗ್ಗೆ ಕಟ್ಟೆಯ ಮೇಲೆ ಘೋಷಣೆ. ಕೆಳಗಿನ ದರ್ಜೆಯ ಪಂದ್ಯಗಳಲ್ಲಿ ಎದುರಾಳಿಗಳಲ್ಲಿ ಬಹಳಷ್ಟು ಜನ ಜನರೇ ಅಲ್ಲ, ಯಂತ್ರ ನಡೆಸುವ ಬಾಟ್‌ಗಳು. ಬಯಲಲ್ಲಿ ನಿಂತು, ಗುಂಡು ಹೊಡೆಸಿಕೊಂಡು, ಸೌಜನ್ಯದಿಂದ ಬೀಳುತ್ತವೆ. ಎದುರಾಳಿಗಳೆಲ್ಲ ನಾಮಪತ್ರ ವಾಪಸ್ ಪಡೆದ ಚುನಾವಣೆಯಲ್ಲಿ ಗೆದ್ದವರ ಮೆರವಣಿಗೆ ನೋಡಿದವರಿಗೆ ಈ ಘೋಷಣೆಯ ಧಾಟಿ ಪರಿಚಿತ. ಅತ್ತ ತುತ್ತತುದಿಯ ಕಾನ್ಕರರ್ ಪಟ್ಟ ಇರುವುದು ಅಗ್ರ 500 ಜನಕ್ಕೆ. ಬೀದರ್‌ನಲ್ಲಿ "ಬರೋ ಸೀಜನ್ ಕಾನ್ಕರರ್" ಆಗುವವರನ್ನಷ್ಟೇ ನಿಲ್ಲಿಸಿದರೆ ಸಾಲು ಚೌಬಾರಾ ಗೋಪುರದಿಂದ ಕೋಟೆ ಬಾಗಿಲು ದಾಟುತ್ತದೆ.

ನಾಲ್ಕನೆಯದು, ಅತಿ ಗಹನವಾದದ್ದು: ವೃತ್ತಿಪರರ ಆಟ ನೋಡುವುದು. 2024ರ ಜೂನ್ ಕೊನೆಗೆ ಬಿಜಿಎಂಐನ ರಾಷ್ಟ್ರೀಯ ಸರಣಿಯ ಫೈನಲ್ ಹೈದರಾಬಾದ್‌ನ ಹೈಟೆಕ್ಸ್‌ನಲ್ಲಿ ನಡೆಯಿತು. ಬಹುಮಾನದ ಒಟ್ಟು ಮೊತ್ತ ಎರಡು ಕೋಟಿ, ಗೆದ್ದದ್ದು ಟೀಮ್ ಎಕ್ಸ್‌ಸ್ಪಾರ್ಕ್. ಬೆಂಗಳೂರಿಗೆ ಹೋಗಲು 700 ಕಿ.ಮೀ. ಲೆಕ್ಕ ಹಾಕುವ ನಮಗೆ ಹೈದರಾಬಾದ್ ಅಂದರೆ ಆಸ್ಪತ್ರೆ, ಮದುವೆ ಜವಳಿ, ಈಗ ಇದು. ಆ ವಾರ ಜಿಲ್ಲೆಯ ಎಷ್ಟೋ ಹುಡುಗರಿಗೆ ಹೈದರಾಬಾದ್‌ನ ಸೋದರತ್ತೆಯ ಆರೋಗ್ಯ ಒಮ್ಮೆಗೇ ಚಿಂತೆಯ ವಿಷಯವಾಯಿತು.

ಹೋಗಿ ನೋಡಿದ್ದೇನು? ವೃತ್ತಿಪರರ ಪಂದ್ಯದಲ್ಲಿ ಹದಿನಾರು ತಂಡ, ತಂಡಕ್ಕೆ ನಾಲ್ವರು. ಗೆದ್ದ ತಂಡಕ್ಕೆ ಹತ್ತು ಅಂಕ, ಎರಡನೆಯದಕ್ಕೆ ಆರು, ಹೀಗೆ ಇಳಿಯುತ್ತ ಎಂಟನೆಯದಕ್ಕೆ ಒಂದು. ಉರುಳಿಸಿದ ತಲೆಗೆ ಒಂದೊಂದು. ಅಂದರೆ ಕೊನೆಯವರೆಗೆ ಬದುಕಿ ಉಳಿಯುವುದೂ ಒಂದು ವಿದ್ಯೆ, ಬಂದೂಕಿನಷ್ಟೇ ಬೆಲೆಯದು. ಅರ್ಧ ತಾಸಿನ ಪಂದ್ಯದಲ್ಲಿ ಅವರು ಬಹಳ ಹೊತ್ತು ಗುಂಡೇ ಹಾರಿಸುವುದಿಲ್ಲ. ಮುಂದಿನ ಝೋನ್ ಎಲ್ಲಿ ಬಿದ್ದೀತು ಎಂದು ಊಹಿಸುತ್ತಾರೆ, ಗುಡ್ಡದ ಬೆನ್ನು ಹಿಡಿಯುತ್ತಾರೆ, ಗಾಡಿಯನ್ನು ಗೋಡೆ ಮಾಡಿಕೊಳ್ಳುತ್ತಾರೆ, ಒಬ್ಬ ಮಾತಾಡುವಾಗ ಮೂವರು ಕೇಳುತ್ತಾರೆ. ಟೂರ್ನಿ ಇಲ್ಲದ ದಿನ ಅದೇ ಎದುರಾಳಿ ತಂಡಗಳೊಂದಿಗೆ ಸ್ಕ್ರಿಮ್ಸ್ ಎಂಬ ಅಭ್ಯಾಸ ಪಂದ್ಯ ಆಡುತ್ತಾರೆ. ಆಮೇಲೆ ಕೋಚ್ ಎದುರು ಕೂತು, ತಾವು ಸತ್ತದ್ದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಇಂಥ ಬೇಸರದ ಕೆಲಸವನ್ನು ಯಾರು ನೋಡುತ್ತಾರೆ? ನಮ್ಮವನು ಇಪ್ಪತ್ತು ಸೆಕೆಂಡಿನ ರೀಲ್ ನೋಡುತ್ತಾನೆ. ಅದರಲ್ಲಿ ನಾಲ್ಕು ತಲೆ ಉರುಳುತ್ತವೆ, ಡೋಲು ಬಡಿಯುತ್ತದೆ. ಆ ನಾಲ್ಕು ತಲೆ ಉರುಳಿಸಲು ನಿಂತ ಜಾಗಕ್ಕೆ ತಂಡ ಹೇಗೆ ಬಂದು ತಲುಪಿತು ಎಂಬ ಇಪ್ಪತ್ತೈದು ನಿಮಿಷ ರೀಲಿನಲ್ಲಿ ಹಿಡಿಯುವುದಿಲ್ಲ.

2022ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಮೊಯಿನ್ ಏಜಾಜ್ ನಾಯಕತ್ವದ ಭಾರತದ ಐವರು ಡೋಟಾ 2 ಆಟದಲ್ಲಿ ನ್ಯೂಜಿಲೆಂಡನ್ನು ಸೋಲಿಸಿ ಕಂಚು ತಂದರು. ನಮ್ಮಲ್ಲಿ ಒಂದು ಪಟಾಕಿಯೂ ಸಿಡಿಯಲಿಲ್ಲ. ಡೋಟಾ ಒಂದೊಂದು ಪಂದ್ಯ ಮುಕ್ಕಾಲು ತಾಸು ಎಳೆಯುವ ಆಟ. ಐದು ಜನರಲ್ಲಿ ಐದನೆಯವನ ಕೆಲಸವೇ ತನ್ನ ಬಡ ಸಂಪಾದನೆಯಲ್ಲೂ ಇತರರಿಗಾಗಿ ಕಾವಲುಗಣ್ಣು ನೆಡುವುದು, ಬೇಕಾದರೆ ಅವರ ಬದಲು ಸಾಯುವುದು. ಡೆನ್ಮಾರ್ಕ್‌ನ ಯೋಹಾನ್ ಸುಂಡ್‌ಸ್ಟೈನ್ ಎಂಬವನು, ಆಟದ ಹೆಸರು ನೋಟೇಲ್, ಆ ಐದನೆಯ ಜಾಗದಲ್ಲಿ ನಿಂತೇ ಓಜಿ ತಂಡವನ್ನು 2018 ಮತ್ತು 2019ರಲ್ಲಿ ಸತತ ಎರಡು ಸಲ ಡೋಟಾ ವಿಶ್ವಕಿರೀಟಕ್ಕೆ ನಡೆಸಿದ. ಎರಡನೆಯ ಸಲ ಬಹುಮಾನದ ಒಟ್ಟು ಮೊತ್ತ 3.4 ಕೋಟಿ ಡಾಲರ್. ಬಹುಮಾನದ ಹಣ ಗಳಿಸಿದ ಇ-ಆಟಗಾರರ ಜಾಗತಿಕ ಪಟ್ಟಿಯ ತುದಿಗೆ ಆಮೇಲೆ ಬಂದು ಕೂತವನು ಅವನೇ. ಅಂದರೆ ಬಹುಮಾನದ ಪಟ್ಟಿಯ ತುದಿಗೇರಿದವನೂ ಒಬ್ಬ ಸಪೋರ್ಟ್. ಈ ಸುದ್ದಿಯನ್ನು ಉಸ್ಮಾನ್‌ಗಂಜ್‌ನ ಸ್ಕ್ವಾಡಿಗೆ ಹೇಳಿ ನೋಡಿ. "ಹಂಗಾದ್ರ ಅವಂಗ ಗುಂಡು ಹೊಡಿಲಿಕ್ಕ ಬರಾಂಗಿಲ್ಲೇನು ಪಾಪ?" ಎಂದು ಮರುಗುತ್ತಾರೆ.

ಲೀಗ್ ಆಫ್ ಲೆಜೆಂಡ್ಸ್‌ನ ಫೇಕರ್ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಕೊರಿಯಾದ ಲೀ ಸಾಂಗ್-ಹ್ಯೋಕ್, ಆರು ವಿಶ್ವಕಿರೀಟ. ಆದರೆ 2016ರ ಮೂರನೆಯದಕ್ಕೂ 2023ರ ನಾಲ್ಕನೆಯದಕ್ಕೂ ನಡುವೆ ಏಳು ವರ್ಷ ಆ ಕಿರೀಟವಿಲ್ಲ. 2017ರ ಫೈನಲ್ ಸೋತು ವೇದಿಕೆಯ ಮೇಲೆಯೇ ಅತ್ತ. ಆ ಏಳೂ ವರ್ಷ ಅದೇ ತಂಡದಲ್ಲಿ ಇದ್ದ. ಅವನ ಚಿತ್ರವನ್ನು ವಾಲ್‌ಪೇಪರ್ ಮಾಡಿಕೊಂಡ ನಮ್ಮ ಹುಡುಗ ಒಂದೇ ರಾತ್ರಿಯಲ್ಲಿ ಮೂರು ಸ್ಕ್ವಾಡ್ ಬಿಟ್ಟು ನಾಲ್ಕನೆಯದನ್ನು ತಾನೇ ಸ್ಥಾಪಿಸುತ್ತಾನೆ.

ಇದನ್ನೆಲ್ಲ ಕಲಿಯಲು ಕೊರಿಯಾ, ಡೆನ್ಮಾರ್ಕ್ ಯಾಕೆ? ನಾವು ಕೂತಿರುವ ಊರೇ ಈ ಆಟದ ಪಠ್ಯಪುಸ್ತಕ. ನಡು ಊರಲ್ಲಿ ಚೌಬಾರಾ, ಎತ್ತರದಲ್ಲಿ ನಿಂತವನಿಗೆ ನಾಲ್ಕೂ ದಾರಿ ಕಾಣುತ್ತದೆ ಎಂಬ ಪಾಠ. ಕೋಟೆಗೆ ಬಂಡೆ ಕೊರೆದ ಮೂರು ಸಾಲಿನ ಕಂದಕ, ನುಗ್ಗಿ ಬರುವವನನ್ನು ನಿಧಾನ ಮಾಡು ಎಂಬ ಪಾಠ. 1657ರಲ್ಲಿ ಔರಂಗಜೇಬ್ ಮುತ್ತಿಗೆ ಹಾಕಿದಾಗ ಕಿಲ್ಲೇದಾರ ಸಿದ್ದಿ ಮರ್ಜಾನ್ ವಾರಗಟ್ಟಲೆ ತಡೆದು ನಿಂತ. ಕೊನೆಗೆ ಒಳಗಿದ್ದ ಮದ್ದಿಗೆ ಬೆಂಕಿ ಬಿದ್ದು ತಾನೂ ಸುಟ್ಟುಕೊಂಡು ಕೋಟೆ ಕಳಕೊಂಡ. ಬಾಂಬು ಒಟ್ಟಿದ ಕಡೆಯೇ ನಿಲ್ಲಬೇಡ ಎಂಬ ಪಾಠ.

ಎಲ್ಲಕ್ಕಿಂತ ದೊಡ್ಡ ಪಾಠ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನದು. 1472ರಲ್ಲಿ ಅವನು ಮದರಸಾ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು, ಅದರ ಮುಂದೆ ನಿಂತು ಸೆಲ್ಫಿಯೂ ಹೊಡೆಸಿಕೊಂಡಾಗಿದೆ. ಸುಲ್ತಾನರು ಬಂದರು, ಹೋದರು, ಹುಡುಗರು ಪಟ್ಟಕ್ಕೇರಿದರು. ಇವನು ಸಿಂಹಾಸನ ಕೇಳದೆ ಬೆನ್ನಿಗೆ ನಿಂತ. ಗೋವಾ ಗೆದ್ದುಕೊಟ್ಟ, ತರಫ್ ಎಂಬ ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿ ಆಡಳಿತ ಬಿಗಿ ಮಾಡಿದ. ಬೀದರ್ ಕಂಡ ಅತಿ ದೊಡ್ಡ ಸಪೋರ್ಟ್ ಪ್ಲೇಯರ್. 1481ರಲ್ಲಿ ಅವನ ಸ್ಕ್ವಾಡಿನವರೇ ಅವನ ಮುದ್ರೆ ಒತ್ತಿಸಿ, ಶತ್ರುವಿಗೆ ಬರೆದಂತೆ ಖೋಟಾ ಪತ್ರ ಸೃಷ್ಟಿಸಿದರು. ಮೂರನೆಯ ಮಹಮ್ಮದ್ ಷಾ ವಿಚಾರಣೆ ಎಂಬ ರಿಪ್ಲೇ ನೋಡುವ ತೊಂದರೆ ತಗೊಳ್ಳದೆ ತಲೆ ತೆಗೆಸಿದ. ಮರುವರ್ಷ ಸುಲ್ತಾನ ಸತ್ತ. ಆಮೇಲೆ ತರಫ್‌ಗಳ ಒಬ್ಬೊಬ್ಬ ಐಜಿಎಲ್ ತನ್ನದೇ ಟೀಮ್ ಕಟ್ಟಿದ: ಬಿಜಾಪುರ, ಅಹ್ಮದ್‌ನಗರ, ಬೇರಾರ್, ಗೋಲ್ಕೊಂಡ, ಉಳಿದದ್ದು ಬೀದರ್. ಸಪೋರ್ಟನ್ನು ಕಿಕ್ ಮಾಡಿದ ತಂಡ ಎಷ್ಟು ಹೋಳಾಗುತ್ತದೆ ಎಂದು ಗೊತ್ತಾಗಲು ಐದು ರಾಜ್ಯಗಳ ಉದಾಹರಣೆ ಸಾಲದೆ?

ಆಟದಲ್ಲಿ ಡೆತ್ ರಿಪ್ಲೇ ಎಂಬ ಸೌಲಭ್ಯವಿದೆ. ಸತ್ತ ಮೇಲೆ, ಯಾರು ಎಲ್ಲಿಂದ ಹೊಡೆದರು, ಆಗ ನೀನು ಏನು ಮಾಡುತ್ತಿದ್ದೆ ಎಂದು ಕೊಂದವನ ಕಣ್ಣಿನಿಂದ ತೋರಿಸುತ್ತದೆ. ಇಂಥ ಅನುಕೂಲವನ್ನು ಚಿತ್ರಗುಪ್ತನೂ ಯಾರಿಗೂ ಕೊಟ್ಟದ್ದಿಲ್ಲ. ನಮ್ಮ ಹುಡುಗರು ಅದನ್ನು ಆಫ್ ಮಾಡಿಟ್ಟಿದ್ದಾರೆ. "ಅದ್ರಾಗ ಬ್ಯಾಟ್ರಿ ಭಾಳ ತಿಂತದ." ಇದೇ ಹುಡುಗ ಹಗಲು ನೀಟ್ ಕೋಚಿಂಗ್‌ನಲ್ಲಿ ಇರುತ್ತಾನೆ. ಅಲ್ಲಿ 180 ಪ್ರಶ್ನೆ, 720 ಅಂಕ, ತಪ್ಪಿದರೆ ಒಂದು ಅಂಕ ಕಡಿತ. ತಪ್ಪಿದ ಪ್ರಶ್ನೆಗಳನ್ನೆಲ್ಲ ಬೇರೆ ನೋಟ್‌ಬುಕ್ಕಿನಲ್ಲಿ ಬರೆದು, ಯಾಕೆ ತಪ್ಪಿತು ಎಂದು ಪಕ್ಕದಲ್ಲಿ ನಮೂದಿಸಬೇಕು. ಅಲ್ಲಿಯ ಅವನ ನೋಟ್‌ಬುಕ್ ಕದ್ದು ನೋಡಿದೆವು. ಕಾರಣದ ಕಾಲಂನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದ: ಪ್ರಶ್ನೆ ಸರಿ ಇದ್ದಿಲ್ಲ.

ಭಾಲ್ಕಿಯಲ್ಲಿ ಮಾತ್ರ ಒಬ್ಬ ಅಪವಾದ ಸಿಕ್ಕ. ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಊರು ಅದು. ಅಲ್ಲಿಯ ಬಾಕಿ ಹುಡುಗರು ಹೊರಗೆ ಫಿಸಿಕ್ಸ್ ಪುಸ್ತಕ, ಒಳಗೆ ಫೋನು ಎಂದು ಆ ಪರಂಪರೆಯ ಅಪಭ್ರಂಶವನ್ನು ಉಳಿಸಿಕೊಂಡಿದ್ದಾರೆ. ಇವನು ಹಾಗಲ್ಲ. ಒಂದೆರಡು ಪಂದ್ಯ ಆಡುತ್ತಾನೆ, ರಿಪ್ಲೇ ನೋಡುತ್ತಾನೆ, "ಇಲ್ಲಿ ನಂದೇ ತಪ್ಪು" ಎಂದು ಬರೆದುಕೊಳ್ಳುತ್ತಾನೆ, ಮಲಗುತ್ತಾನೆ. ಬೆನ್ನಲ್ಲಿ ಬಂದೂಕಿಗಿಂತ ಹೊಗೆಬಾಂಬು ಹೆಚ್ಚು. ಮೂವರು ಐಜಿಎಲ್‌ಗಳು ಮೂರು ದಿಕ್ಕಿಗೆ ನುಗ್ಗಿ ಬಿದ್ದಾಗ ಹೊಗೆಯೊಳಗೆ ತೆವಳಿ ಒಬ್ಬೊಬ್ಬರನ್ನೇ ಎಬ್ಬಿಸುತ್ತಾನೆ. ಅವನು ಬಂದು ಸೇರಿದ ಮೇಲೆ ಬೀದರ್‌ನ ಒಂದು ಸ್ಕ್ವಾಡ್ ಗೆಲ್ಲತೊಡಗಿತು. ಗೆಲುವಿನ ಕಾರಣ ಹುಡುಕಲು ಮೂವರು ಕೂತರು. ಮೂವರಿಗೂ ತಾವೇ ಸಿಕ್ಕರು. ನಾಲ್ಕನೆಯವನ ಲೆಕ್ಕ ತೆಗೆದರೆ ಪಂದ್ಯಕ್ಕೆ ಒಂದು ತಲೆಯೂ ಇಲ್ಲ. "ಇಂಥವನ್ನ ಇಟ್ಕೊಂಡು ಮುಂದ ಹೆಂಗ್ ಹೋಗೋದು?" ಎಂದು ಒಬ್ಬ ಅಂದ. ಕಿಕ್ ಮಾಡಿದರು. ಆ ರಾತ್ರಿಯೇ ಮೂರು ಪಂದ್ಯ ಸೋತು, ನೆಟ್ಟಿಗೆ ಬೈದು, ಬೆಳಗಾಗುವುದರೊಳಗೆ ಜಿಲ್ಲೆಯ ಎಲ್ಲ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಜಾಹೀರಾತು ಬಿಟ್ಟರು:

"ಬೇಕಾಗಿದ್ದಾನೆ. ಬೀದರ್‌ನ ನಂಬರ್ ಒನ್ ಸ್ಕ್ವಾಡಿಗೆ ಒಬ್ಬ ಸಪೋರ್ಟ್. ಸ್ಮೋಕ್ ಒಗೀಬೇಕು, ರಿವೈವ್ ಕೊಡಬೇಕು, ಗಾಡಿ ಹೊಡೀಬೇಕು. ಲೂಟಿನಾಗ ಪಾಲು ಕೇಳಬಾರದು. ಪಂದ್ಯಕ್ಕ ಕನಿಷ್ಠ ಐದು ತಲಿ ಹೊಡದಿರಬೇಕು, ಆದ್ರ ನಮ್ಮ ತಲಿ ಕದಿಯಬಾರದು. ಹೇಳಿದ್ದು ಕೇಳಬೇಕು, ಮೂರು ಮಂದಿ ಮೂರು ಹೇಳಿದ್ರ ಮೂರೂ ಕೇಳಬೇಕು. ಔರಾದ್‌ನವರೂ ನಡೀತದ."

ಸಂಜೆಯೊಳಗೆ ಮೂರೂ ತಾಲೂಕಿನಿಂದ ಉತ್ತರಗಳ ಮಳೆ ಸುರಿಯಿತು. ಒಂದಕ್ಷರವೂ ಬದಲಿಲ್ಲದೆ ಎಲ್ಲರೂ ಕೇಳಿದ್ದು ಒಂದೇ.

"ಸಪೋರ್ಟ್ ಬ್ಯಾಡ ಭಾಯಿ. ಐಜಿಎಲ್ ಜಾಗಾ ಖಾಲಿ ಅದ ಏನು?"